ಅರಸು ಮನೆತನಗಳ ಆಸ್ತಿ ಸರ್ಕಾರದ ವಶವಾದಾಗ ಪರಿಹಾರವನ್ನು ಯಾವ ಲೆಕ್ಕದಲ್ಲಿ ಕೊಡಬೇಕು?

ಪ್ರಶ್ನೆ: ಹಾವೇರಿಯ ಇತಿಹಾಸ ಉಪನ್ಯಾಸಕ

ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಬರುವ ತಿಂಗಳು ಚರ್ಚಾಸ್ಪರ್ಧೆ ಇದ್ದು, ಹಿಂದಿನ ರಾಜಮನೆತನಗಳಿಂದ ಸರ್ಕಾರ ವಶಪಡಿಸಿಕೊಂಡ ಆಸ್ತಿಗೆ ಪರಿಹಾರ ಸಲ್ಲಬೇಕೇ ಎಂಬ ವಿಷಯವನ್ನು ವಿದ್ಯಾರ್ಥಿಗಳೇ ಆಯ್ದುಕೊಂಡಿದ್ದಾರೆ. ಬೆಂಗಳೂರು ಅರಮನೆಯ ಜಾಗದ ಮೊಕದ್ದಮೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿರುವುದೇ ಇದಕ್ಕೆ ಕಾರಣವಿರಬೇಕು. ಪರವಾಗಿ ಮಾತನಾಡುವವರು ಆಸ್ತಿ ಯಾರದ್ದಾದರೂ ಆಸ್ತಿಯೇ ಎನ್ನುತ್ತಾರೆ. ವಿರೋಧಿಸುವವರು ಅದೆಲ್ಲ ರೈತರ ಕಂದಾಯದಿಂದ ಕೂಡಿಸಿದ್ದು ಎನ್ನುತ್ತಾರೆ. ತಾಲೀಮಿನಲ್ಲಿ ಎರಡೂ ಕಡೆಯವರು ಇಷ್ಟನ್ನೇ ಬೇರೆ ಬೇರೆ ದನಿಯಲ್ಲಿ ಹೇಳುತ್ತಿದ್ದಾರೆ. ಅವರಿಗೆ ಸ್ವಲ್ಪ ಗಟ್ಟಿಯಾದ ಸಾಮಗ್ರಿ ಒದಗಿಸಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಜಿಲ್ಲೆಯ ಸವಣೂರು ನವಾಬರ ಸಂಸ್ಥಾನವಾಗಿತ್ತು. 1948ರ ಮಾರ್ಚ್ 8ರಂದು ಅದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಗದಗ ಜಿಲ್ಲೆಯ ನರಗುಂದದ ಸಂಸ್ಥಾನವನ್ನು ಅದಕ್ಕಿಂತ 90 ವರ್ಷ ಮೊದಲೇ ಕಂಪನಿ ಸರ್ಕಾರ ಜಪ್ತಿ ಮಾಡಿತ್ತು. ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದೇ? ಸಂಸ್ಥಾನದ ಆಸ್ತಿ ಯಾವುದು, ಮನೆತನದ ಖಾಸಗಿ ಆಸ್ತಿ ಯಾವುದು ಎಂಬ ಗೆರೆಯನ್ನು ಯಾರು ಎಳೆದರು? ಪರಿಹಾರ ಕೊಡುವುದೇ ಆದರೆ ಅದು ಯಾವ ದಿನದ ದರ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ: ಧಾರವಾಡದ ವಕೀಲ

ಮಾಸ್ತರರೇ, ಮೊದಲು ನರಗುಂದವನ್ನು ಬದಿಗಿಡಿ. ಬಾಬಾಸಾಹೇಬರೆಂದು ಹೆಸರಾದ ಅಲ್ಲಿಯ ಅರಸ ಭಾಸ್ಕರರಾವ್ ಭಾವೆಯವರು ಬಂಡೆದ್ದರು. 1858ರ ಜೂನ್ 12ರಂದು ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನವನ್ನು ಗೆದ್ದವರು ತಮ್ಮದಾಗಿಸಿಕೊಂಡರು. ಅಲ್ಲಿ ಕರಾರು ಇರಲಿಲ್ಲ, ಬರೀ ತೋಳ್ಬಲವಿತ್ತು. ಅದರ ನೈತಿಕ ಋಣ ಏನೇ ಇರಲಿ, ನ್ಯಾಯಾಲಯದ ಮುಂದೆ ಇಡಬಹುದಾದ ಹಕ್ಕು ಅದರಿಂದ ಹುಟ್ಟುವುದಿಲ್ಲ. ಸವಣೂರಿನ ಕಥೆ ಬೇರೆ. ದಖ್ಖನ್ ಭಾಗದ ಸಂಸ್ಥಾನಗಳಾದ ಜಮಖಂಡಿ, ಮುಧೋಳ, ರಾಮದುರ್ಗಗಳ ಜೊತೆಗೆ ಅದು ಸಹಿ ಹಾಕಿದ ಒಪ್ಪಂದದ ಮೂಲಕ ವಿಲೀನವಾದದ್ದು.

ಆ ವಿಲೀನ ಒಪ್ಪಂದಗಳ ಒಕ್ಕಣೆ ಬಹುತೇಕ ಒಂದೇ ರೀತಿಯದು. ಅರಸನು ಆಡಳಿತದ ಅಧಿಕಾರವನ್ನೆಲ್ಲ ಬಿಟ್ಟುಕೊಡುತ್ತಾನೆ. ಬದಲಿಗೆ ತೆರಿಗೆ ಇಲ್ಲದ ರಾಜಧನ, ಅಂದರೆ ವರ್ಷಕ್ಕಿಷ್ಟೆಂದು ಸರ್ಕಾರ ಕೊಡುವ ಹಣ ಪಡೆಯುತ್ತಾನೆ. ಸಂಸ್ಥಾನದ ಆಸ್ತಿಯಿಂದ ಬೇರೆಯಾದ ತನ್ನ ಖಾಸಗಿ ಆಸ್ತಿಯ ಪೂರ್ಣ ಒಡೆತನವನ್ನು ಉಳಿಸಿಕೊಳ್ಳುತ್ತಾನೆ. ಇದಕ್ಕಾಗಿ ಅವನು ತನ್ನದೆಂದು ಹೇಳುವ ಸ್ಥಿರಾಸ್ತಿ, ಸಾಲಪತ್ರ, ನಗದು ಇವುಗಳ ಪಟ್ಟಿಯನ್ನು ಗೊತ್ತಾದ ದಿನದೊಳಗೆ ಸಲ್ಲಿಸಬೇಕಿತ್ತು. ಯಾವುದಾದರೂ ಒಂದು ಬಾಬತ್ತು ಖಾಸಗಿಯೋ ಸಂಸ್ಥಾನದ್ದೋ ಎಂಬ ತಕರಾರು ಬಂದರೆ, ನ್ಯಾಯಾಂಗದ ಅನುಭವವುಳ್ಳ ಅಧಿಕಾರಿಯೊಬ್ಬರನ್ನು ಭಾರತ ಸರ್ಕಾರ ನೇಮಿಸುತ್ತಿತ್ತು. ಅವರ ತೀರ್ಮಾನವೇ ಕೊನೆ. ನನ್ನ ದೃಷ್ಟಿಯಲ್ಲಿ ನಿಮ್ಮ ಚರ್ಚೆಯ ಕೀಲಿ ಇರುವುದು ಈ ಪಟ್ಟಿಯಲ್ಲಿ. ಅಲ್ಲಿಯವರೆಗೆ ಎಷ್ಟೋ ಸಂಸ್ಥಾನಗಳಲ್ಲಿ ಖಜಾನೆಯೂ ಅರಸರ ಕೈಚೀಲವೂ ಬೇರೆ ಬೇರೆ ಆಗಿರಲಿಲ್ಲ. ಆ ಗೆರೆಯನ್ನು ಮೊದಲ ಬಾರಿಗೆ ಎಳೆದದ್ದು 1948 ಮತ್ತು 1950ರ ನಡುವಿನ ಈ ಮಾತುಕತೆಗಳಲ್ಲಿ, ಬಹಳಷ್ಟು ಸಲ ಕೊಡು-ಕೊಳ್ಳುವ ರೀತಿಯಲ್ಲಿ. ಆದ್ದರಿಂದ ಪಟ್ಟಿಯಲ್ಲಿ ಸೇರಿದ ಆಸ್ತಿ ಮೂಲದಲ್ಲಿ ಯಾರ ಕಂದಾಯದಿಂದ ಬಂತು ಎಂಬ ಪ್ರಶ್ನೆಯನ್ನು ಸರ್ಕಾರ ಆಗಲೇ ಮುಗಿಸಿ ಸಹಿ ಹಾಕಿದೆ. ಇಂದು ಅದನ್ನು ಮತ್ತೆ ಎತ್ತುವವರು ಈ ಸಹಿಗೂ ಉತ್ತರ ಹೇಳಬೇಕಾಗುತ್ತದೆ.

ರಾಜಧನವನ್ನೂ ಆಸ್ತಿಯನ್ನೂ ಒಂದೇ ಗಂಟಿಗೆ ಕಟ್ಟದಂತೆ ವಿದ್ಯಾರ್ಥಿಗಳಿಗೆ ಹೇಳಿ. ರಾಜಧನ ಸಂವಿಧಾನದ 291ನೆಯ ವಿಧಿಯಲ್ಲಿತ್ತು; ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಸಲ್ಲುತ್ತಿತ್ತು. ಅರಸರ ಮಾನ್ಯತೆಯನ್ನೇ ರದ್ದು ಮಾಡಿದ ರಾಷ್ಟ್ರಪತಿಗಳ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 1970ರ ಡಿಸೆಂಬರ್‌ನಲ್ಲಿ ಮಾಧವರಾವ್ ಸಿಂಧಿಯಾ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಸಂಸತ್ತು 1971ರಲ್ಲಿ 26ನೆಯ ತಿದ್ದುಪಡಿ ತಂದು ರಾಜಧನವನ್ನು ತೆಗೆದೇಹಾಕಿತು, 1993ರಲ್ಲಿ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದಕ್ಕೆ ಪರಿಹಾರವೆಂದು ಯಾರೂ ಏನನ್ನೂ ಪಡೆಯಲಿಲ್ಲ. ಇದರ ಮೇಲೆ 363ನೆಯ ವಿಧಿ ಇದೆ: ವಿಲೀನ ಒಪ್ಪಂದಗಳಿಂದ ಹುಟ್ಟುವ ತಕರಾರುಗಳಲ್ಲಿ ನ್ಯಾಯಾಲಯಗಳು ಕೈಹಾಕುವಂತಿಲ್ಲ. ಹೀಗಾಗಿ ಕೇವಲ ಒಪ್ಪಂದ ಹಿಡಿದು ಬಂದವನಿಗೆ ಬಾಗಿಲು ಮುಚ್ಚಿದೆ. ತನ್ನ ಹೆಸರಿನ ಹಕ್ಕುಪತ್ರ ಹಿಡಿದು ಬಂದವನಿಗೆ, ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಬಾರದೆನ್ನುವ 300ಎ ವಿಧಿಯ ಬಾಗಿಲು ತೆರೆದಿದೆ, ಅವನು ಅರಸನಿರಲಿ, ಅಂಗಡಿಕಾರನಿರಲಿ. ಆ ಬಾಗಿಲ ಅಳತೆಯನ್ನು 2011ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತಾತಗುಣಿ ಎಸ್ಟೇಟಿನ ಮೊಕದ್ದಮೆಯಲ್ಲಿ ಹೇಳಿತು. ಆಸ್ತಿ ತೆಗೆದುಕೊಳ್ಳಲು ಸಾರ್ವಜನಿಕ ಉದ್ದೇಶ ಬೇಕು, ಪರಿಹಾರವೂ ಬೇಕು. ಆದರೆ ಅದು ಪೇಟೆಯ ದರವೇ ಆಗಿರಬೇಕೆಂದೇನೂ ಇಲ್ಲ, ಏನನ್ನೂ ಕೊಡುವುದಿಲ್ಲ ಎನ್ನುವ ಕಾನೂನು ಮಾತ್ರ ತನ್ನನ್ನು ಸಮರ್ಥಿಸಿಕೊಳ್ಳಬೇಕು.

ಇನ್ನು ಬೆಂಗಳೂರು ಅರಮನೆ. ಆ ಜಾಗವನ್ನು 1873ರಲ್ಲಿ ರೆವರೆಂಡ್ ಗ್ಯಾರೆಟ್ ಎಂಬುವರಿಂದ ಕೊಂಡಾಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು, ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು. ಅವರ ಸ್ವಂತ ಹಣದಿಂದ ಖರೀದಿಯಾಯಿತು ಎಂಬುದು ಕುಟುಂಬದ ವಾದದ ಬುನಾದಿ. ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿ 472 ಎಕರೆ 16 ಗುಂಟೆಯನ್ನು 11 ಕೋಟಿ ರೂಪಾಯಿಗೆ ಸ್ವಾಧೀನಪಡಿಸಿಕೊಳ್ಳಲು ಹೊರಟಿತು. ಉಚ್ಚ ನ್ಯಾಯಾಲಯ 1997ರಲ್ಲಿ ಕಾಯ್ದೆಯನ್ನು ಒಪ್ಪಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿ ಎರಡು ದಶಕ ದಾಟಿದರೂ ಇತ್ಯರ್ಥವಾಗದೆ ಉಳಿಯಿತು. ಈ ನಡುವೆ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ಅಗಲೀಕರಣಕ್ಕೆ 15 ಎಕರೆಗೂ ಮಿಕ್ಕಿದ ಜಾಗ ಬೇಕಾಯಿತು. ಅದಕ್ಕೆ ಬದಲಾಗಿ ಟಿಡಿಆರ್, ಅಂದರೆ ಬೇರೆಡೆ ಹೆಚ್ಚುವರಿ ಕಟ್ಟಡ ಕಟ್ಟುವ ಇಲ್ಲವೇ ಆ ಅವಕಾಶವನ್ನೇ ಮಾರುವ ಹಕ್ಕನ್ನು ಮಾರ್ಗಸೂಚಿ ದರದಲ್ಲಿ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶವಾಯಿತು. ಅದರ ಬೆಲೆ ಮೂರು ಸಾವಿರ ಕೋಟಿ ರೂಪಾಯಿ ದಾಟುತ್ತದೆ ಎಂದು ಲೆಕ್ಕ ಹಾಕಿದ ಸರ್ಕಾರ ಆ ಹೊರೆಯಿಂದ ತಪ್ಪಿಸಿಕೊಳ್ಳಲು 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಒಂದು ಕಡೆ ಎಕರೆಗೆ ಎರಡೂಕಾಲು ಲಕ್ಷದ ಆಸುಪಾಸು, ಇನ್ನೊಂದು ಕಡೆ ಎಕರೆಗೆ 190 ಕೋಟಿಯ ಆಸುಪಾಸು, ಜಾಗ ಮಾತ್ರ ಒಂದೇ. ಈ ಪೇಚನ್ನು ಸರ್ಕಾರ ತಾನೇ ತಂದುಕೊಂಡಿತು ಎಂಬುದು ನನ್ನ ಅಭಿಪ್ರಾಯ. ಮುಖ್ಯ ವ್ಯಾಜ್ಯವನ್ನು ಬೆನ್ನುಹತ್ತಿ ಮುಗಿಸಿಕೊಳ್ಳದೆ, ಅದರ ಮಗ್ಗುಲಲ್ಲೇ ರಸ್ತೆಯ ಜಾಗಕ್ಕೆ ಮಾತು ಕೊಟ್ಟು, ಬೆಲೆ ಏರಿದ ಮೇಲೆ ಮಾತು ತಪ್ಪಲು ದಾರಿ ಹುಡುಕಿದರೆ ನ್ಯಾಯಾಲಯ ಸುಮ್ಮನಿರುವುದಿಲ್ಲ.

ಉತ್ತರ: ನರಗುಂದ ತಾಲೂಕಿನ ರೈತನ ಮಗ

ವಕೀಲ ಸಾಹೇಬರು ಕಾನೂನನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಎಕರೆಗೆ 190 ಕೋಟಿ ಎಂಬ ಬೆಲೆ ಹುಟ್ಟಿದ್ದು ಎಲ್ಲಿಂದ ಎಂದು ಅವರು ಕೇಳಲಿಲ್ಲ. ಆ ಜಾಗದ ಸುತ್ತ ಸರ್ಕಾರದ ದುಡ್ಡಿನಲ್ಲಿ ರಸ್ತೆ, ನೀರು, ವಿಮಾನ ನಿಲ್ದಾಣದ ಹಾದಿ ಎಲ್ಲ ಬಂದವು, ಊರು ಬೆಳೆಯಿತು, ಬೆಲೆ ಏರಿತು. ಕುಟುಂಬ ಆ ಏರಿಕೆಗಾಗಿ ಏನನ್ನೂ ಮಾಡಿಲ್ಲ. ನಮ್ಮ ಭಾಗದವರಿಗೆ ಇದೇ ತರ್ಕವನ್ನು ಸರ್ಕಾರ ಒಮ್ಮೆ ಬಹಳ ಖಡಕ್ಕಾಗಿ ಕಲಿಸಿತ್ತು. ಮಲಪ್ರಭೆಯ ಕಾಲುವೆ ಬಂದದ್ದರಿಂದ ನಿಮ್ಮ ಹೊಲದ ಬೆಲೆ ಏರಿದೆ, ಆ ಏರಿಕೆಯ ಪಾಲನ್ನು ಅಭಿವೃದ್ಧಿ ಕರವೆಂದು ಕಟ್ಟಿ ಎಂದು ನೋಟೀಸು ಬಂತು. ಎಷ್ಟೋ ಹೊಲಗಳಿಗೆ ನೀರು ಮಾತ್ರ ಸರಿಯಾಗಿ ಮುಟ್ಟಿರಲಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆದದ್ದು ಈ ಸಿಟ್ಟಿನಿಂದಲೇ. ರೈತನ ಹೊಲದ ಬೆಲೆ ಏರಿದರೆ ಅದರಲ್ಲಿ ಸರ್ಕಾರಕ್ಕೆ ಪಾಲು ಬೇಕು, ಅರಮನೆಯ ಜಾಗದ ಬೆಲೆ ಏರಿದರೆ ಪೂರ್ತಿ ಏರಿಕೆ ಮನೆತನಕ್ಕೆ ಸಲ್ಲಬೇಕು ಎಂದರೆ ಅದನ್ನು ಯಾವ ನ್ಯಾಯವೆನ್ನೋಣ?

ಭೂಸ್ವಾಧೀನವೆಂದರೆ ಏನೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಹೊಲ ಹೋದಾಗ ದರ ಕಟ್ಟಿದ್ದು ಊರಿನಲ್ಲಿ ಆಗ ನೋಂದಣಿಯಾದ ಖರೀದಿಪತ್ರಗಳ ಮೇಲೆ. ಮುದ್ರಾಂಕ ಶುಲ್ಕ ಉಳಿಸಲು ಖರೀದಿಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ರೂಢಿ ಯಾವ ಊರಲ್ಲಿಲ್ಲ? ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿಗೆ ಹೋಗಿ ಗೆದ್ದ ಮೇಲೂ ಹಣ ಬರಲಿಲ್ಲ. ಕೊನೆಗೆ ಅಮೀನರು ಕಚೇರಿಗೆ ಹೋಗಿ ಕುರ್ಚಿ, ಕಪಾಟು, ಕಂಪ್ಯೂಟರ್ ಜಪ್ತಿ ಮಾಡಿ ಹೊರಗೆ ಸಾಲಾಗಿ ಇಡಿಸಿದ ಮೇಲೆ ಚೆಕ್ಕು ಬಂತು. ಅಪ್ಪ ಆ ಸಾಲಿನ ಪಕ್ಕದಲ್ಲಿ ನಿಂತಿದ್ದರು, ನಗಬೇಕೋ ಅಳಬೇಕೋ ತಿಳಿಯದೆ. ಅರಸರಿಗೆ ಪರಿಹಾರ ಕೊಡಬಾರದೆಂದು ನಾನು ಹೇಳುತ್ತಿಲ್ಲ. ನಮಗೆ ಕೊಟ್ಟ ಅಳತೆಗೋಲಿನಿಂದಲೇ ಅವರಿಗೂ ಅಳೆಯಲಿ.

ಉತ್ತರ: ಗದಗಿನ ನಿವೃತ್ತ ತಲಾಠಿ

ತಮ್ಮಾ, ನಿನ್ನ ಮಾತು ಒಪ್ಪತಕ್ಕದ್ದೇ, ಆದರೆ ಅಳತೆಗೋಲು ನಮ್ಮಲ್ಲಿ ಎಂದೂ ಒಂದೇ ಇರಲಿಲ್ಲ. ಅದನ್ನು ತಿಳಿಯಬೇಕಾದರೆ ಮುಂಬಯಿ ಕಾಲದ ಒಂದು ಹಳೆಯ ಉತಾರವನ್ನು, ಅಂದರೆ ಜಮೀನಿನ ಹಕ್ಕುದಾಖಲೆಯ ಪ್ರತಿಯನ್ನು, ಕೈಯಲ್ಲಿ ಹಿಡಿದು ನೋಡಬೇಕು. ಕಬ್ಜೆದಾರನ (ಸ್ವಾಧೀನದಲ್ಲಿರುವವನ) ಅಂಕಣದಲ್ಲಿ ಮೊದಲು ದೇಸಾಯರದೋ ಇನಾಮದಾರರದೋ ಹೆಸರು. ಅದಕ್ಕೆ ಕಂಸ ಹಾಕಿ, ಮಗ್ಗುಲಿಗೆ ಡೈರಿ ನಂಬರು (ಹಕ್ಕು ಬದಲಾವಣೆಯ ನೋಂದಣಿ ಸಂಖ್ಯೆ) ಬರೆದು, ಕೆಳಗೆ "ಸರಕಾರ" ಎಂದು ನಮೂದಿಸಿರುತ್ತಾರೆ. ಅದಕ್ಕೂ ಕಂಸ ಬಿದ್ದು ಕೊನೆಗೆ ಉಳುವವನ ಹೆಸರು ಬರುತ್ತದೆ. ಈ ಎರಡು ಕಂಸಗಳ ನಡುವೆ ಒಂದು ಕಾಲವೇ ಕಳೆದುಹೋಗಿದೆ. ಮೊದಲು ಪರಗಣಾ ಮತ್ತು ಕುಲಕರ್ಣಿ ವತನಗಳ (ವಂಶಪಾರಂಪರ್ಯ ಹುದ್ದೆಗೆ ಅಂಟಿದ್ದ ಜಮೀನುಗಳ) ರದ್ದತಿ, ಆಮೇಲೆ 1952ರ ವೈಯಕ್ತಿಕ ಇನಾಂ ರದ್ದತಿ ಕಾಯ್ದೆ, ಕೊನೆಗೆ ಗೇಣಿ ಜಮೀನುಗಳೆಲ್ಲ 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿದ ಭೂಸುಧಾರಣೆ. ನಾನು ನೌಕರಿಗೆ ಸೇರಿದಾಗ ಕಚೇರಿಯ ತುಂಬ ಗೇಣಿದಾರರು ಒಡೆತನ ಕೇಳಿ ಹಾಕಿದ 7ನೆಯ ನಂಬರಿನ ಫಾರ್ಮುಗಳೇ ತುಂಬಿದ್ದವು.

ಭೂಸುಧಾರಣೆಯಲ್ಲಿ ಭೂಮಾಲೀಕರಿಗೆ ಪರಿಹಾರ ಇತ್ತು, ಆದರೆ ಅದನ್ನು ಜಮೀನಿನ ವಾರ್ಷಿಕ ಆದಾಯದ ಇಷ್ಟು ಪಟ್ಟು ಎಂದು ಕಾಯ್ದೆಯೇ ಕಟ್ಟಿಕೊಟ್ಟಿತ್ತು. ಪೇಟೆಯ ದರದ ಮಾತೇ ಇರಲಿಲ್ಲ. ನೂರಾರು ಎಕರೆಯ ದೇಸಾಯರಿಗೂ ಆದಾಯದ ಲೆಕ್ಕವೇ, ಗಂಡ ಸತ್ತ ಮೇಲೆ ನಾಲ್ಕು ಎಕರೆಯನ್ನು ಗೇಣಿಗೆ ಹಾಕಿ ಹೊಟ್ಟೆ ಹೊರೆಯುತ್ತಿದ್ದ ಹೆಣ್ಣುಮಗಳಿಗೂ ಆದಾಯದ ಲೆಕ್ಕವೇ. ದೊಡ್ಡವರಿಗಿಂತ ಇಂಥವರ ಮನೆಗಳೇ ಹೆಚ್ಚು ಬಳಲಿದ್ದನ್ನು ನಾನು ಕಂಡಿದ್ದೇನೆ, ಆದರೂ ಆ ಕಾಯ್ದೆ ಬೇಕಾಗಿತ್ತು ಎಂದೇ ಇಂದಿಗೂ ಹೇಳುತ್ತೇನೆ. ಮಾಸ್ತರರು ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಲಿ: ನಮ್ಮ ಭಾಗದ ಹಳೆಯ ಮನೆತನಗಳು ಕಳೆದುಕೊಂಡದ್ದರಲ್ಲಿ ಬಹುಪಾಲು ಹೊಲಗಳು, ಅರಮನೆಗಳಲ್ಲ; ಆ ಹೊಲಗಳು ಸರ್ಕಾರದ ಕೈಯಲ್ಲಿ ಉಳಿಯಲಿಲ್ಲ, ಉಳುವವರ ಕೈಗೆ ಹೋದವು. ವಾಡೆಗಳು ಬಹುಮಟ್ಟಿಗೆ ಮನೆತನಗಳಲ್ಲೇ ಉಳಿದವು; ಅವನ್ನು ಹಾಳುಗೆಡವಿದ್ದು ಜಪ್ತಿಗಿಂತ ಹೆಚ್ಚಾಗಿ ಅಣ್ಣತಮ್ಮಂದಿರ ವಾಟ್ನಿ (ಪಾಲು ವಿಭಾಗದ) ದಾವೆಗಳು.

ಉತ್ತರ: ಹುಬ್ಬಳ್ಳಿಯ ಓದುಗ

ಪೇಟೆಯ ದರಕ್ಕಿಂತ ಕಡಿಮೆ ಕೊಡುವುದು ಅನ್ಯಾಯವಲ್ಲ ಎಂಬುದಕ್ಕೆ ಗ್ರೀಸ್ ದೇಶದ ಉದಾಹರಣೆ ಬಹಳ ಉಪಯುಕ್ತ. ಅಲ್ಲಿ 1974ರ ಡಿಸೆಂಬರ್‌ನ ಜನಮತಗಣನೆಯಲ್ಲಿ ರಾಜಪ್ರಭುತ್ವ ಕೊನೆಗೊಂಡಿತು. ಮಾಜಿ ದೊರೆ ಕಾನ್‌ಸ್ಟಂಟೈನ್ ಮತ್ತು ಸರ್ಕಾರದ ನಡುವೆ 1992ರಲ್ಲಿ ಒಂದು ಒಪ್ಪಂದವಾಗಿ ಅದಕ್ಕೆ ಕಾಯ್ದೆಯ ಬಲವೂ ದೊರೆಯಿತು. ಮುಂದೆ ಬಂದ ಬೇರೊಂದು ಸರ್ಕಾರ 1994ರಲ್ಲಿ ಅದನ್ನು ಕಿತ್ತುಹಾಕಿ, ತಾತೋಯಿ, ಪೊಲಿದೆಂದ್ರಿ ಮತ್ತು ಕೊರ್ಫು ದ್ವೀಪದ ಮೊನ್ ರೆಪೋ ಎಂಬ ಮೂರು ಆಸ್ತಿಗಳನ್ನು ಪರಿಹಾರವಿಲ್ಲದೆ ವಶಪಡಿಸಿಕೊಂಡಿತು. ದೊರೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಆ ಆಸ್ತಿ ಸಿಂಹಾಸನಕ್ಕೆ ಅಂಟಿದ್ದು, ಸಿಂಹಾಸನ ಹೋದ ಮೇಲೆ ಅದೂ ಹೋಯಿತು ಎಂಬುದು ಸರ್ಕಾರದ ವಾದ. ನ್ಯಾಯಾಲಯ 2000ದ ನವೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಇವರನ್ನು ಖಾಸಗಿ ಒಡೆಯರೆಂದು ಸರ್ಕಾರವೇ ಎಷ್ಟೋ ಸಲ ನಡೆಸಿಕೊಂಡಿದೆ, ಆದ್ದರಿಂದ ಏನನ್ನೂ ಕೊಡದೆ ಕಿತ್ತುಕೊಳ್ಳುವಂತಿಲ್ಲ ಎಂದಿತು.

ಆದರೆ ಮೊತ್ತದ ತೀರ್ಪು ಬಂದಾಗ, 2002ರಲ್ಲಿ, ಮೂವರು ಅರ್ಜಿದಾರರಿಗೆ ಸೇರಿ ಸಿಕ್ಕಿದ್ದು 1.32 ಕೋಟಿ ಯೂರೋ, ಕೇಳಿದ್ದಕ್ಕಿಂತ ಬಹಳ ಕಡಿಮೆ. ರಾಜಪ್ರಭುತ್ವದಿಂದ ಗಣರಾಜ್ಯಕ್ಕೆ ಬದಲಾಗುವಂಥ ಮೂಲಭೂತ ಪಲ್ಲಟದ ಸಂದರ್ಭದಲ್ಲಿ ಪೂರ್ತಿ ಪೇಟೆ ದರ ಕೊಡಬೇಕಾಗಿಲ್ಲ ಎಂದೂ, ಆ ಆಸ್ತಿಗಳು ಹಿಂದೆ ಅನುಭವಿಸಿದ ತೆರಿಗೆ ವಿನಾಯಿತಿಯಂಥ ಸವಲತ್ತುಗಳನ್ನೂ ಗಮನಿಸಬೇಕೆಂದೂ ನ್ಯಾಯಾಲಯ ಹೇಳಿತು. ನರಗುಂದದ ಗೆಳೆಯರು ಕೇಳುತ್ತಿರುವ ವಜಾಬಾಕಿಗೆ, ಅಂದರೆ ಕಡಿತಕ್ಕೆ, ಇದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು.

ಜರ್ಮನಿಯವರು ಬೇರೆಯೇ ದಾರಿ ಹಿಡಿದರು. ರಾಜಮನೆತನಗಳ ಆಸ್ತಿಯನ್ನು ಪರಿಹಾರವಿಲ್ಲದೆ ತೆಗೆದುಕೊಳ್ಳುವ ಪ್ರಸ್ತಾಪಕ್ಕೆ 1926ರ ಜನಮತದಲ್ಲಿ ಸುಮಾರು 1.45 ಕೋಟಿ ಮತಗಳು ಪರವಾಗಿ ಬಿದ್ದರೂ ಒಟ್ಟು ಮತದಾರರ ಅರ್ಧದಷ್ಟು ಆಗದ ಕಾರಣ ಅದು ಬಿದ್ದುಹೋಯಿತು. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ವಲಯದಲ್ಲಿ ಜಪ್ತಿಯಾದ ಆಸ್ತಿಗಳ ಬಗ್ಗೆ 1994ರಲ್ಲಿ ಪರಿಹಾರದ ಕಾಯ್ದೆ ಬಂದಾಗ, ನಾಜಿ ಆಡಳಿತಕ್ಕೆ ಗಣನೀಯವಾಗಿ ನೆರವಾದವರಿಗೆ ಅದು ಸಲ್ಲದು ಎಂಬ ಷರತ್ತು ಸೇರಿತು. ಜರ್ಮನಿಯ ಹಿಂದಿನ ಚಕ್ರವರ್ತಿಗಳ ಹೊಹೆನ್‌ಝೋಲರ್ನ್ ಮನೆತನದ ಹಕ್ಕೊತ್ತಾಯ ಈ ಷರತ್ತಿನ ಮೇಲೆಯೇ ಇತಿಹಾಸಕಾರರ ಜಗಳವಾಗಿ ಬೆಳೆದು, 2023ರಲ್ಲಿ ಕುಟುಂಬ ದಾವೆಗಳನ್ನು ಹಿಂತೆಗೆದುಕೊಂಡಿತು. ನಮ್ಮಲ್ಲಿ ಯಾರೂ ಅರಸರ ನಡತೆಯ ಮೇಲೆ ಪರಿಹಾರವನ್ನು ತೂಗಿಲ್ಲ. ತೂಗಲು ಹೊರಟರೆ ಬಾಬಾಸಾಹೇಬರ ವಂಶಕ್ಕೆ ಮೊದಲು ಕೊಡಬೇಕಾದೀತು!

ಮರುಪ್ರಶ್ನೆ: ಹಾವೇರಿಯ ಇತಿಹಾಸ ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಓದಿದ ಮೇಲೆ ಪರಿಹಾರ ಬೇಕೇ ಬೇಡವೇ ಎನ್ನುವುದಕ್ಕಿಂತ ಎಷ್ಟು ಎನ್ನುವುದೇ ನಿಜವಾದ ಚರ್ಚೆ ಎನಿಸುತ್ತಿದೆ. ವಕೀಲ ಸಾಹೇಬರು ಎರಡು ಮಾತು ತಿಳಿಸಬೇಕು. ಬೆಲೆ ಏರಿಕೆಯ ಬಗ್ಗೆ ನರಗುಂದದವರು ಎತ್ತಿದ ತಕರಾರಿಗೆ ನಿಮ್ಮ ಉತ್ತರವೇನು? ಸವಣೂರಿನದೇ ಒಂದು ಉದಾಹರಣೆಯನ್ನು ಹುಡುಗರಿಂದ ಅಧ್ಯಯನ ಮಾಡಿಸಬೇಕೆಂದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಧಾರವಾಡದ ವಕೀಲ

ಏರಿಕೆಯ ಪಾಲು ಕೇಳುವ ವಾದವನ್ನು ನಾನು ಅರ್ಧದವರೆಗೆ ಒಪ್ಪುತ್ತೇನೆ. ಸರ್ಕಾರ ಸರಿಯಾದ ಸಮಯಕ್ಕೆ ಸ್ವಾಧೀನ ಮುಗಿಸಿ ಹಣ ಕೊಟ್ಟಿದ್ದರೆ ನಂತರದ ಏರಿಕೆಯಲ್ಲಿ ಮನೆತನಕ್ಕೆ ಪಾಲು ಇಲ್ಲ, ಇರಲೂ ಬಾರದು. ಹಣ ಕೊಡದೆ ವರ್ಷಗಟ್ಟಲೆ ಎಳೆದು, ಹಳೆಯ ದರವನ್ನೇ ಹಿಡಿದು ಕೂರುವುದನ್ನು ಮಾತ್ರ ಒಪ್ಪಲಾರೆ. ಅದನ್ನು ಒಪ್ಪಿದರೆ ನಾಳೆ ಮೊದಲು ಪೆಟ್ಟು ತಿನ್ನುವವರು ರೈತರೇ. 2014ರ ಜನವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯಲ್ಲಿ ಪೇಟೆ ದರದ ಮೇಲೆ ಶೇಕಡಾ 100ರಷ್ಟು ಸಾಂತ್ವನ ಮೊತ್ತ (ಜಮೀನು ಒತ್ತಾಯದಿಂದ ಹೋದದ್ದಕ್ಕೆ ಕೊಡುವ ಹೆಚ್ಚುವರಿ ಹಣ) ಸೇರಿದ್ದು, ಹಳ್ಳಿಯ ಜಮೀನಿಗೆ ಎರಡು ಪಟ್ಟಿನವರೆಗೆ ಗುಣಿಸುವ ಅವಕಾಶ ಬಂದದ್ದು, ಹಳೆಯ 1894ರ ಕಾಯ್ದೆಯಲ್ಲಿ ನೊಂದವರ ಕೂಗಿನಿಂದ. ನಿವೃತ್ತ ತಲಾಠಿಯವರು ಹೇಳಿದ ಭೂಸುಧಾರಣೆಗೆ ಸಂವಿಧಾನದ 31ಎ ವಿಧಿಯ ರಕ್ಷಣೆ ಇತ್ತು. ಆ ವಿಧಿಯಲ್ಲೂ, ಮಿತಿಯೊಳಗಿನ ಜಮೀನನ್ನು ಸ್ವತಃ ಸಾಗುವಳಿ ಮಾಡುವವನಿಂದ ತೆಗೆದುಕೊಂಡರೆ ಪೇಟೆ ದರಕ್ಕೆ ಕಡಿಮೆಯಾಗದಂತೆ ಕೊಡಬೇಕೆಂಬ ಮಾತು 1964ರಲ್ಲಿ ಸೇರಿದೆ. ಉಳುವವನಿಗೆ ಪೂರ್ತಿ ದರ, ಕುಳಿತು ಉಣ್ಣುವವನಿಗೆ ಕಡಿಮೆ ದರ ಎಂಬ ಭೇದವನ್ನು ನಮ್ಮ ಸಂವಿಧಾನವೇ ಮಾಡಿದೆ, ಗ್ರೀಸಿನವರೆಗೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯವರಿಗೆ ಒಂದು ತಿದ್ದುಪಡಿ: ಅಲ್ಲಿ ಮೊತ್ತ ಕಡಿಮೆಯಾದದ್ದಕ್ಕೆ ನ್ಯಾಯಾಲಯ ಕಾರಣ ಕೊಟ್ಟಿದೆ, ಸವಲತ್ತುಗಳನ್ನು ಹೆಸರಿಸಿದೆ. ನಮ್ಮ 11 ಕೋಟಿಗೂ ಅಂಥ ಲೆಕ್ಕ ಬೇಕು.

ಸವಣೂರಿಗೆ ಬಂದರೆ, 1956ರ ನವೆಂಬರ್ 1ರವರೆಗೆ ಅದು ಮುಂಬಯಿಗೆ ಸೇರಿದ್ದರಿಂದ ವಿಲೀನದ ಕಾಲದ ಕಡತಗಳನ್ನು ಮೊದಲು ಮುಂಬಯಿಯ ಪತ್ರಾಗಾರದಲ್ಲಿ ವಿಚಾರಿಸಬೇಕು. ಹುಡುಗರಿಗೆ ಅದು ದೂರವಾಗುವುದಾದರೆ ಊರಿನ ಒಂದೇ ಒಂದು ಕಟ್ಟಡವನ್ನೋ ಒಂದು ಸರ್ವೆ ನಂಬರನ್ನೋ ಆರಿಸಿಕೊಳ್ಳಲಿ. ಸಿಟಿ ಸರ್ವೇ ಕಚೇರಿಯಿಂದ ಅದರ ಉತಾರ, ತಾಲೂಕು ಕಚೇರಿಯ ದಾಖಲೆ ಕೋಣೆಯಿಂದ ಹಳೆಯ ಡೈರಿಗಳ ನಕಲು ತೆಗೆಸಿ, 1948ಕ್ಕಿಂತ ಹಿಂದೆ ಯಾರ ಹೆಸರಿತ್ತು, ಯಾವ ಆದೇಶದಿಂದ ಬದಲಾಯಿತು, ಆ ಆದೇಶದಲ್ಲಿ ಹಣದ ಉಲ್ಲೇಖವಿದೆಯೇ ಎಂದು ನೋಡಲಿ. ನಕಲಿಗೆ ಅರ್ಜಿ ಹಾಕುವಾಗ ಸರ್ವೆ ನಂಬರಿನ ಜೊತೆಗೆ ಹಿಸ್ಸಾ (ಪಾಲಿನ) ನಂಬರನ್ನೂ ತಪ್ಪದೆ ಬರೆಸಿ. ಇಲ್ಲವಾದರೆ ದಾಖಲೆ ಸಿಗಲಿಲ್ಲ ಎಂಬ ಹಿಂಬರಹ ಬರುತ್ತದೆ.